ವಾಲಿಯ ಮಾತು ಕಡತದಿಂದ ಹೊರಕ್ಕೆ

ಪತ್ತನಾಜೆಗೆ, ಅಂದರೆ ಮೇ ಕೊನೆಯ ವೇಳೆಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಉಡುಪಿಯವರ ಮಳೆಗಾಲ ಕಳೆಯುವುದು ಎರಡು ಕಲಾಪಗಳಿಂದ. ಊರಿನಲ್ಲಿ ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ, ದೂರದರ್ಶನದಲ್ಲಿ ಸಂಸತ್ತಿನ ಮುಂಗಾರು ಅಧಿವೇಶನ. ಎರಡಕ್ಕೂ ಮಾತೇ ಬಂಡವಾಳ. ವೇಷ ಕಟ್ಟಬಾರದೆಂಬ ನಿಯಮ ಎರಡಕ್ಕೂ ಇದೆಯಾದರೂ ಅದನ್ನು ಪಾಲಿಸುವವರು ತಾಳಮದ್ದಳೆಯವರು ಮಾತ್ರ.

ವಾಲಿವಧೆಯ ಪ್ರಸಂಗವನ್ನೇ ನೋಡಿ. ಬಾಣ ತಿಂದು ಬಿದ್ದ ವಾಲಿಯು, ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಅರ್ಧ ಗಂಟೆ ಹಿಗ್ಗಾಮುಗ್ಗಾ ಜಾಡಿಸುತ್ತಾನೆ. ರಾಮನು ಅಷ್ಟನ್ನೂ ಕೇಳುತ್ತಾನೆ. ಪದ್ಯ ಹಾಡಿ ಕೂಟ ನಡೆಸುವ ಭಾಗವತರ ಮುಂದೆ ನುಗ್ಗಿ ಘೋಷಣೆ ಕೂಗುವುದಿಲ್ಲ, ಪ್ರಸಂಗದ ಪ್ರತಿಯನ್ನು ಹರಿದು ತೂರುವುದಿಲ್ಲ. ಮಾತು ಅತಿಯಾಯಿತೆನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಮಂಗಳವಾದ ಮೇಲೆ ರಾಮನೂ ವಾಲಿಯೂ ಒಂದೇ ತಟ್ಟೆಯ ಗೋಳಿಬಜೆಗೆ ಕೈ ಹಾಕುತ್ತಾರೆ. ಮುಂದಿನ ವಾರದ ಕೂಟದಲ್ಲಿ ಇಂದಿನ ವಾಲಿಯೇ ರಾಮನಾಗಿ ಕುಳಿತು, ತಾನೇ ಹೂಡಿದ್ದ ವಾದವನ್ನು ತಾನೇ ಮುರಿಯುವುದೂ ಉಂಟು. ಪಾತ್ರ ಬದಲಿಸುವ ಈ ಒಂದು ವಿದ್ಯೆಯನ್ನು ಮಾತ್ರ ನಮ್ಮ ಜನಪ್ರತಿನಿಧಿಗಳು ಕರಗತ ಮಾಡಿಕೊಂಡಿದ್ದಾರೆ. ಅವರಿಗೆ ಭಾಗವತರೂ ಬೇಡ, ಒಂದು ವಾರದ ಅಂತರವೂ ಬೇಡ.

ಸಂಸತ್ತಿನಲ್ಲಿಯೂ ಒಂದು ಕಾಲದಲ್ಲಿ ಕೂಟ ಹೀಗೆಯೇ ನಡೆಯುತ್ತಿತ್ತು. ತರುಣ ಸದಸ್ಯರಾಗಿದ್ದ ವಾಜಪೇಯಿಯವರು ನೆಹರೂ ಅವರಿಗೆ ಎದುರಿನಲ್ಲಿಯೇ, ನಿಮ್ಮೊಳಗೆ (ಹಿಟ್ಲರನಿಗೆ ಎದುರು ನಿಂತ ಬ್ರಿಟಿಷ್ ಪ್ರಧಾನಿ) ಚರ್ಚಿಲ್ಲರೂ ಇದ್ದಾರೆ, (ಅವನಿಗೆ ಮಣಿದ) ಚೇಂಬರ್ಲೇನರೂ ಇದ್ದಾರೆ ಎಂದಿದ್ದರಂತೆ. ಸಂಜೆ ಔತಣಕೂಟದಲ್ಲಿ ಸಿಕ್ಕ ನೆಹರೂ, ಇವತ್ತಿನ ಭಾಷಣ ಜೋರಾಗಿತ್ತು ಎಂದು ನಗುತ್ತಾ ಹೋದರೆಂಬುದನ್ನು ಸ್ವತಃ ವಾಜಪೇಯಿಯವರೇ ಮುಂದೆ ಸದನದಲ್ಲಿ ನೆನಪಿಸಿಕೊಂಡರು. ಇಂದು ಯಾರಾದರೂ ಹಾಗೆ ಹೇಳಿದರೆ, ಸಂಜೆಯ ಔತಣಕ್ಕೆ ಮೊದಲೇ ಎರಡೂ ಪಕ್ಷದ ಐಟಿ ಘಟಕಗಳು ಚೇಂಬರ್ಲೇನರ ಜಾತಿ ಹುಡುಕಿ ಮುಗಿಸಿರುತ್ತವೆ. ಸ್ವತಂತ್ರ ಪಕ್ಷದ ಪೀಲೂ ಮೋದಿಯವರಂತೂ, ವಿರೋಧಿಗಳೆಲ್ಲ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಕೈವಾಡದವರೆಂಬ ಆಪಾದನೆ ಕೇಳಿ ಸಾಕಾಗಿ, ‘ನಾನು ಸಿಐಎ ಏಜೆಂಟ್’ ಎಂಬ ಫಲಕವನ್ನೇ ತೊಟ್ಟು ಸದನಕ್ಕೆ ಬಂದಿದ್ದರು.

ಅಂಥ ಹಾಸ್ಯದ ಅಪಾಯವನ್ನು ಮನಗಂಡೇ ಇರಬೇಕು, 2022ರ ಜುಲೈಯಲ್ಲಿ ಲೋಕಸಭಾ ಸಚಿವಾಲಯವು ಅಸಂಸದೀಯ, ಅಂದರೆ ಸದನದಲ್ಲಿ ಆಡಲು ತಕ್ಕುದಲ್ಲದ, ಪದಗಳ ಸಂಕಲನವನ್ನು ಹೊಸದಾಗಿ ಹೊರತಂದಿತು. ಹೇಡಿ, ಕತ್ತೆ, ಬೂಟಾಟಿಕೆ, ನಾಟಕ, ಮೊಸಳೆ ಕಣ್ಣೀರು ಎಂಬ ಅರ್ಥದ ಇಂಗ್ಲಿಷ್ ಪದಗಳೆಲ್ಲ ಅದರಲ್ಲಿ ಸ್ಥಾನ ಪಡೆದವು. ಯಾವ ಪದವನ್ನೂ ನಿಷೇಧಿಸಿಲ್ಲ, ಹಿಂದೆ ಕಡತದಿಂದ ತೆಗೆದವುಗಳನ್ನು ಒಟ್ಟುಗೂಡಿಸಲಾಗಿದೆ ಅಷ್ಟೆ ಎಂಬ ಸ್ಪಷ್ಟನೆಯೂ ಬಂತು. ಆದರೂ ನಮ್ಮ ವಾಲಿಯನ್ನು ಈ ಪಟ್ಟಿ ಹಿಡಿದು ತಿದ್ದಿದರೆ, ‘ಎಲೈ ರಾಮ’ ಎಂಬ ಸಂಬೋಧನೆಯೂ ಕೊನೆಯ ಉಸಿರೂ ಮಾತ್ರ ಕಡತದಲ್ಲಿ ಉಳಿದಾವು. ಸಂಬೋಧನೆ ಉಳಿಯುವುದೂ ಸಂಶಯವೇ. ಮಾತು ಸಭಾಧ್ಯಕ್ಷರ ಪೀಠದ ಮೂಲಕವೇ ಹೋಗಬೇಕಲ್ಲವೇ?

ಮಾತಿನ ಕಾಟ ಇಷ್ಟು ತಗ್ಗಿದ ಮೇಲೆ ಮಾತನಾಡುವವರ ಕಾಟವೊಂದು ಉಳಿದಿತ್ತು. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರನ್ನು ಅಮಾನತುಗೊಳಿಸಲಾಯಿತು. ವಾಲಿಯನ್ನು ಪ್ರಸಂಗದಿಂದಲೇ ಹೊರಗಿಟ್ಟರೆ ರಾಮನ ಅರ್ಥಗಾರಿಕೆ ಎಷ್ಟು ಸಲೀಸು!

ಹಾಗೆಂದು ಪಕ್ಷಭೇದ ಮರೆತ ಸೌಹಾರ್ದ ನಾಡಿನಿಂದಲೇ ಮಾಯವಾಗಿದೆ ಎಂದರೆ ಅಪಚಾರವಾದೀತು. 2025ರ ಮಾರ್ಚ್ 21ರಂದು ನಮ್ಮ ಮಂಗಳೂರಿನವರೇ ಸಭಾಧ್ಯಕ್ಷರಾಗಿರುವ ರಾಜ್ಯ ವಿಧಾನಸಭೆಯಲ್ಲಿ ಕಾಗದಗಳು ಹರಿದು ಹಾರಾಡಿದವು, 18 ಶಾಸಕರು ಆರು ತಿಂಗಳಿಗೆ ಅಮಾನತಾದರು (ಮೇ ತಿಂಗಳಲ್ಲಿ ಅದನ್ನು ಹಿಂಪಡೆಯಲಾಯಿತು). ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಸಂಬಳವನ್ನು ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೆ ಏರಿಸುವ ಮಸೂದೆಗೂ ಅಂಗೀಕಾರ ದೊರೆಯಿತು. ಏರಿಕೆ ಆಳುವವರಿಗೂ ಇತ್ತು, ವಿರೋಧಿಗಳಿಗೂ ಇತ್ತು, ಹಾಳೆ ಹರಿದವರಿಗೂ ಇತ್ತು. ಆ ಮಸೂದೆಯ ಮೇಲೆ ಯಾವ ಸದಸ್ಯರ ಬಾಯಿಂದಲೂ ಒಂದೇ ಒಂದು ಅಸಂಸದೀಯ ಪದ ಹೊರಬೀಳಲಿಲ್ಲ. ಚರ್ಚೆಯೇ ನಡೆದಿರಲಿಲ್ಲ.