ಮುಂದೇನು, ಮಾಣಿ?

2024ರ ಮೇ ತಿಂಗಳು. ನನ್ನ ತಂಗಿಯ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 431 ಬಂತು. ಅವತ್ತು ಶಿರಸಿಯ ತಂಗಿ ಮನೆಗೆ ಬಂದ ಹತ್ತು ಫೋನುಗಳಲ್ಲಿ ಒಂಬತ್ತು ಕೇಳಿದ್ದು ಒಂದೇ ಪ್ರಶ್ನೆ. "ಮಾಣಿ ಸೈನ್ಸ್ ತಗಳ್ತಾ ಅಲ್ದಾ?" ಹತ್ತನೆಯದು ರಾಂಗ್ ನಂಬರ್.

ಆ ವರ್ಷದ ಪರೀಕ್ಷೆ ಸುಮ್ನೆ ಪರೀಕ್ಷೆ ಅಲ್ಲ. ಕೋಣೆ ಕೋಣೆಗೂ ವೆಬ್‌ಕಾಸ್ಟಿಂಗ್ ಕ್ಯಾಮರಾ ಹಾಕಿದ್ದರು. ಹಿಂದಿನ ವರ್ಷ ರಾಜ್ಯದಲ್ಲಿ ಶೇಕಡ 83.89 ಮಕ್ಕಳು ಪಾಸಾಗಿದ್ದರು. ಕ್ಯಾಮರಾ ಕಣ್ಣು ಬಿಟ್ಟಿದ್ದೇ ತಡ, ಅದು 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡ 20ಕ್ಕೆ ಏರಿಸಿದ ಮೇಲೆ! ಕಳ್ಳನನ್ನು ಹಿಡಿದು, ಬುದ್ಧಿ ಹೇಳಿ, ಬಸ್ ಚಾರ್ಜು ಕೊಟ್ಟು ಕಳಿಸಿದ ಹಾಗಾಯಿತು. ನಮ್ಮ ಮಾಣಿಗೆ ಯಾರ ಕೃಪೆಯೂ ಬೇಕಾಗಲಿಲ್ಲ. ಅವನ ಕಷ್ಟ ಬೇರೆ. ಅವನಿಗೆ ಮುಂದೇನು ಮಾಡಬೇಕು ಅಂತ ಗೊತ್ತಿತ್ತು.

ನಮ್ಮಲ್ಲಿ ಅದೊಂದು ಇರಬಾರದು ನೋಡಿ.

ಎಂಟನೇ ಕ್ಲಾಸಿನಿಂದ ಅವನು ತೋಟದ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಿದ್ದ. ಪಕ್ಕದ ಮನೆಯ ಪಂಪ್ ಕೆಟ್ಟರೂ ಅವನಿಗೇ ಕರೆ. ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಒಂದು ಫಾರ್ಮ್ ಕೊಟ್ಟಿದ್ದರು. ಅದರಲ್ಲಿ 'ನಿಮ್ಮ ಆಸಕ್ತಿ' ಅಂತ ಒಂದು ಕಾಲಂ. ಅವನು ಚಂದದ ಅಕ್ಷರದಲ್ಲಿ 'ಮೋಟಾರ್ ರಿಪೇರಿ' ಅಂತ ಬರೆದ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ 'ಇಂಜಿನಿಯರಿಂಗ್' ಅಂತ ತಿದ್ದಿದರು. ಕಾಗುಣಿತ ತಪ್ಪಿಗೂ ಅವರು ಅಷ್ಟು ಒತ್ತಿ ಗೀಟು ಎಳೆದವರಲ್ಲ.

ಫಾರ್ಮಿನ ಜತೆಗೆ ಒಂದು ಕಾರ್ಯಕ್ರಮವೂ ಇತ್ತು. 'ಎಸ್ಸೆಸ್ಸೆಲ್ಸಿ ನಂತರ ಮುಂದೇನು?' ಪಾಲಕರೂ ಬರಬೇಕು ಅಂದರು. ಭಾವನಿಗೆ ಅಡಿಕೆ ಸುಲಿಯುವ ಗಡಿಬಿಡಿ. ಹಾಗಾಗಿ ಕುಮಟಾದಿಂದ ಸೋದರಮಾವನಾದ ನಾನು ಹೊರಟೆ. ಮಾರ್ಗದರ್ಶನ ಮಾಡುವವರೂ ಕರಾವಳಿಯಿಂದಲೇ ಘಟ್ಟ ಹತ್ತಬೇಕಿತ್ತು. ಕುಮಟಾ-ಶಿರಸಿ ರಸ್ತೆ ಅಗಲ ಮಾಡುವ ಕೆಲಸ ಆಗ ವರ್ಷಗಟ್ಟಲೆಯಿಂದ ನಡೆಯುತ್ತಿತ್ತು ಅಲ್ವಾ. ಅವರು ದೇವಿಮನೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದರು. ಹತ್ತು ಗಂಟೆಯ ಕಾರ್ಯಕ್ರಮ ಒಂದು ಗಂಟೆಗೆ ಶುರುವಾಯಿತು. ಮಾರ್ಗದರ್ಶಕರು ಮಾರ್ಗ ಸಿಗದೆ ತಡವಾಗಿದ್ದಕ್ಕೆ ಕ್ಷಮೆ ಕೇಳಿ, ಶಾಲು ಹೊದ್ದು, "ನಿಮ್ಮ ಮುಂದೆ ನೂರಾರು ದಾರಿಗಳಿವೆ" ಅಂದರು. ಅಷ್ಟೊತ್ತಿಗೆ ಮಕ್ಕಳಿಗೆ ಕಾಣುತ್ತಿದ್ದದ್ದು ಬಿಸಿಯೂಟದ ದಾರಿ ಒಂದೇ.

ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಮರದ ಚಿತ್ರ. ಬುಡದಲ್ಲಿ ಎಸ್ಸೆಸ್ಸೆಲ್ಸಿ, ಮೇಲೆ ಕೊಂಬೆಗಳು. ನಾವು ಮರ ಕಂಡ ಜನ, ನೋಡಿದ ಕೂಡಲೇ ಗೊತ್ತಾಯಿತು. ಸೈನ್ಸ್ ಕೊಂಬೆ ಮಾತ್ರ ದಪ್ಪ, ಎಲೆಗೊಂದು ಡಾಕ್ಟರು. ಕಾಮರ್ಸ್ ಕೊಂಬೆ ಬಡಕಲು, ತುದಿಯಲ್ಲಿ ಒಬ್ಬ ಸಿಎ ಜೋತಾಡುತ್ತಿದ್ದ. ಆರ್ಟ್ಸ್ ಕೊಂಬೆಯಲ್ಲಿ ಇದ್ದದ್ದು ಒಂದೇ ಹಣ್ಣು, ಐಎಎಸ್. ನಡುವೆ ಏನೂ ಇಲ್ಲ. ಅಂದರೆ ಆರ್ಟ್ಸ್ ಓದಿದವನು ಜಿಲ್ಲಾಧಿಕಾರಿ ಆಗಬೇಕು, ಇಲ್ಲ ಕೆಳಗೆ ಬೀಳಬೇಕು. ಕೈಕೆಲಸ ಕಲಿಸುವ ಐಟಿಐಯನ್ನು ಬೇರಿನ ಹತ್ತಿರ, ಮಣ್ಣಿನ ಬಣ್ಣದಲ್ಲಿ ಬರೆದಿದ್ದರು. ಚಾರ್ಟಿನ ಅಡಿಯಲ್ಲಿ ಒಂದು ಕೋಚಿಂಗ್ ಸೆಂಟರಿನ ಫೋನ್ ನಂಬರ್ ಇತ್ತು. ಅದು ಮಾತ್ರ ದೂರದಿಂದಲೂ ಕಾಣುತ್ತಿತ್ತು.

ಹಾಗಂತ ಸರ್ಕಾರ ಕೈಕೆಲಸವನ್ನು ಮರೆತಿದೆ ಅನ್ನಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದೇ ಅದನ್ನು: 2025ರ ಹೊತ್ತಿಗೆ ಅರ್ಧದಷ್ಟು ಮಕ್ಕಳಿಗಾದರೂ ಯಾವುದೋ ಒಂದು ಕಸುಬಿನ ಪರಿಚಯ ಆಗಬೇಕು ಅಂತ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಮೂರನೇ ಭಾಷೆಯ ಬದಲು ಆಟೋಮೊಬೈಲ್, ರಿಟೇಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್ ತರಹದ ವಿಷಯ ತಗೊಳ್ಳಬಹುದು. ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಅಂತ ಅದರ ಹೆಸರು. ಹೆಸರು ಹೇಳಲು ಬಂದರೇ ಅರ್ಧ ಕೌಶಲ್ಯ ಬಂದಂತೆ. ನಮ್ಮ ಮಾಣಿಯ ಕ್ಲಾಸಿನಲ್ಲಿ ಬಹಳ ಮಂದಿ ಆಟೋಮೊಬೈಲ್ ತಗೊಂಡರು. ವಾಹನದ ಮೇಲಿನ ಪ್ರೀತಿಗಲ್ಲ, ಹಿಂದಿಯಿಂದ ತಪ್ಪಿಸಿಕೊಳ್ಳಲು. ಪ್ರೀತಿಯಿಂದ ತಗೊಂಡವನು ಇವನೊಬ್ಬನೇ, ಹಾಳಾದವನೂ ಇವನೊಬ್ಬನೇ. ಸಾಮಾನುಗಳೆಲ್ಲ ಒಂದು ಕೋಣೆಯಲ್ಲಿ ಬೀಗದೊಳಗೆ. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತವಂತೆ. ಹಾಗಾಗಿ ಸ್ಪಾನರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಿದ್ದರು. 'ಸ್ಪಾನರ್ ಎಂದರೇನು?' ಅನ್ನುವ ಎರಡು ಅಂಕದ ಪ್ರಶ್ನೆಗೆ ಇವನು 'ನಟ್ಟು ಬಿಚ್ಚಲು' ಅಂತ ಒಂದೇ ಸಾಲು ಬರೆದ. ಒಂದು ಅಂಕ ಹೋಯಿತು. ಬೋಲ್ಟು ಬರೆಯದೇ ಬಿಟ್ಟಿದ್ದನಂತೆ.

ಫಲಿತಾಂಶ ಬಂದ ಸಂಜೆ ತಂಗಿ ಮನೆಯ ಜಗಲಿಯಲ್ಲಿ ಸಭೆ ಸೇರಿತು. ಕವಳದ ತಬಕು ನಡುವೆ, ಸುತ್ತ ನೆಂಟರು. ಒಬ್ಬೊಬ್ಬರಿಗೂ ಲೆಕ್ಕ ಬಾಯಿಪಾಠ. ತೊಂಬತ್ತರ ಮೇಲೆ ಬಂದರೆ ಪಿಸಿಎಂಬಿ, ಅಂದರೆ ಬಯಾಲಜಿ ಇರುವ ಸೈನ್ಸ್. ಎಪ್ಪತ್ತೈದರ ಮೇಲಾದರೆ ಪಿಸಿಎಂಸಿ, ಬಯಾಲಜಿ ಬದಲು ಕಂಪ್ಯೂಟರ್. ಅರವತ್ತಕ್ಕೆ ಕಾಮರ್ಸ್. ಅದಕ್ಕೂ ಕೆಳಗಿನವರಿಗೆ ಆರ್ಟ್ಸ್, ಮತ್ತೂ ಕೆಳಗಿನವರಿಗೆ "ದೇವರಿದ್ದಾನೆ". ಇವನಿಗೆ ಹತ್ತಿರ ಹತ್ತಿರ ಶೇಕಡ 69. ಕಾಮರ್ಸಿಗೆ ಜಾಸ್ತಿ, ಸೈನ್ಸಿಗೆ ಕಡಿಮೆ. "ಡೊನೇಶನ್ ಕೊಟ್ಟರೆ ಸೈನ್ಸ್ ಬತ್ತು" ಅಂತ ಒಬ್ಬರು ದಾರಿ ತೋರಿಸಿದರು.

ನಾನು ಬಾಯಿ ಹಾಕಿದೆ. "ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಎರಡು ವರ್ಷ. ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೀದಾ ಸೇರಬಹುದು. ಅದು ಮುಗಿದ ಮೇಲೆ ಬಿಇ ಎರಡನೇ ವರ್ಷಕ್ಕೂ ಅವಕಾಶ ಇದೆ. ಅವನಿಗೆ ಇಷ್ಟದ ಕೆಲಸವೂ ಆಯಿತು, ನಿಮಗೆ ಇಂಜಿನಿಯರೂ ಆಯಿತು."

ಜಗಲಿ ತಣ್ಣಗಾಯಿತು. ಐಟಿಐ ಅನ್ನುವುದನ್ನು ಶುಭಕಾರ್ಯದ ಮನೆಯಲ್ಲಿ ಆಡಬಾರದ ಮಾತಿನ ಹಾಗೆ ಕೇಳಿಸಿಕೊಂಡರು. ಒಬ್ಬರು ಎದ್ದು ಕವಳ ಉಗಿದು ಬಂದರು. ಭಾವ ಮೆಲ್ಲಗೆ ಹೇಳಿದರು, "ಭಾವಾ, ನಿಂಗೆ ಗಂಡು ಮಕ್ಕಳಿಲ್ಲೆ. ಅದಕ್ಕೇ ಹೇಳ್ತೆ."

ಅವರ ಮಾತಿನ ಒಳಗುಟ್ಟು ನನಗೆ ಅರ್ಥವಾಯಿತು. ಶಿರಸಿ ಸೀಮೆಯಲ್ಲಿ ಮೂರು ಎಕರೆ ತೋಟ ಇದ್ದು ಮನೆಯಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಇದ್ದರೆ ಸಿಗುತ್ತದೆ. ತೋಟ ನೋಡಿಕೊಂಡು ಊರಿನ ಪಂಪ್ ರಿಪೇರಿ ಮಾಡುವವನು ಬೆಂಗಳೂರಿನ ಕೋಣೆಯವನಿಗಿಂತ ಜಾಸ್ತಿಯೇ ದುಡಿದಾನು. ಆದರೆ ಮದುವೆ ಮಾತುಕತೆಯಲ್ಲಿ ಅದನ್ನು ಹೇಗೆ ಹೇಳೋದು? ಹೀಗೆ ನಮ್ಮಲ್ಲಿ ಹದಿನೈದು ವರ್ಷದ ಹುಡುಗನ ಕಾಂಬಿನೇಶನ್ ಆರಿಸೋದು, ಅವನಿಗೆ ಮೂವತ್ತಾದಾಗ ಒಪ್ಪಬೇಕಾದ ಒಬ್ಬ ಕಾಣದ ಮಾವ.

ಕೊನೆಗೆ ಡೊನೇಶನ್ ಕೊಟ್ಟಾಯಿತು. ಪಿಸಿಎಂಬಿ, ಪಕ್ಕದ ಜಿಲ್ಲೆ, ಹಾಸ್ಟೆಲ್, ಡಾಕ್ಟರ್ ಸೀಟಿನ ನೀಟ್ ಪರೀಕ್ಷೆಗೆ ಕೋಚಿಂಗ್ ಎಲ್ಲ ಸೇರಿ. ಮೇ ತಿಂಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಹೊರಹೋಗುವ ಮಾಲು ಎರಡು. ಅಂಕೋಲೆಯ ಕರಿ ಈಶಾಡ ಮಾವು ಮತ್ತು ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳು. ಮಾವಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಇಂಥ ಊರಿನದು ಅಂತ ಗುರುತು ಉಳಿಯುತ್ತದೆ. ಮಾಣಿಗೆ ಸಿಕ್ಕಿದ್ದು ಹಾಸ್ಟೆಲ್ ನಂಬರ್.

ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತೂವರೆವರೆಗೆ ಓದು. ವಾರವಾರ ಟೆಸ್ಟ್. ನಮ್ಮದೇ ಜಿಲ್ಲೆಯ ಕೈಗಾ ಅಣುಸ್ಥಾವರದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. 2018ರ ಡಿಸೆಂಬರ್ 31ಕ್ಕೆ ಅದನ್ನೂ ನಿಲ್ಲಿಸಿ ತಪಾಸಣೆ ಮಾಡಿದರು. ಪಿಯುಸಿ ಎರಡು ವರ್ಷ ಅಂದರೆ 730 ದಿನ. ನೀಟ್ ಸರಿಯಾಗದೆ ಲಾಂಗ್ ಟರ್ಮ್ ಅಂತ ಇನ್ನೊಂದು ವರ್ಷ ಕೂರಿಸಿದರೆ ಕೈಗಾ ದಾಖಲೆ ನಮ್ಮ ಮಾಣಿಯಿಂದ ಮುರಿದಂತೆ. ತಪಾಸಣೆಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಅಂದಹಾಗೆ, ಮನೆಗೊಬ್ಬ ಡಾಕ್ಟರ್ ಮಾಡಲು ಹೊರಟ ಈ ಜಿಲ್ಲೆಯಲ್ಲೇ 2022ರಲ್ಲಿ ಜನ 'ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ' ಅಂತ ಅಭಿಯಾನ ಮಾಡಿದ್ದು. ಎದೆ ಹಿಡಿದುಕೊಂಡರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೆಸರು ಹೇಳುತ್ತ ಓಡುತ್ತೇವೆ. ಇದು ಇಲ್ಲಿಗೆ ಸಾಕು, ಬೇಜಾರಾಗುತ್ತದೆ.

ಈ ನಡುವೆ ಪಾಸಿನ ಗೆರೆಯೂ ಸರಿಯಿತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಶೇಕಡ 35 ಬೇಡ, 33 ಸಾಕು ಅಂತು. 625ಕ್ಕೆ 206 ಬಂದರೆ, ಪ್ರತಿ ವಿಷಯದಲ್ಲೂ ಶೇಕಡ 30ಕ್ಕೆ ಕಡಿಮೆ ಇರದಿದ್ದರೆ ಪಾಸು. ಸರಿಯಾಗಿ ಲೆಕ್ಕ ಹಾಕಿದರೆ ಶೇಕಡ 33 ಅಂದರೆ 206.25. ಆ ಕಾಲು ಅಂಕವನ್ನೂ ಮನ್ನಾ ಮಾಡಿದ್ದಾರೆ, ಸಾಲಮನ್ನಾ ಮಾಡಿದ ಹಾಗೆ. ಮೊದಲೇ ಪರೀಕ್ಷೆ ಒಂದಕ್ಕಿಂತ ಹೆಚ್ಚು, ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ನೂರಕ್ಕೆ 20 ಆಂತರಿಕ ಅಂಕ ಹೇಗೂ ಶಾಲೆಯ ಕೈಯಲ್ಲಿದೆ. ಮೂವತ್ತಕ್ಕೆ ಇನ್ನೆಷ್ಟು ಬೇಕು, ನೀವೇ ಕೂಡಿ ಕಳೆದು ನೋಡಿ. ಬಾಗಿಲು ಇಷ್ಟು ಅಗಲ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ದೇವಿಮನೆ ಘಟ್ಟದಲ್ಲಾದರೂ ಇಷ್ಟು ಬೇಗ ಆಗಬಾರದಿತ್ತೇ ಅಂತ ಅನ್ನಿಸಿತು, ಅಷ್ಟೇ. ಬಾಗಿಲು ದಾಟಿದವರು ಮಾತ್ರ ಮತ್ತದೇ ಮರದ ಚಿತ್ರದ ಮುಂದೆ ನಿಲ್ಲುತ್ತಾರೆ.

ಈ ಜನವರಿಯಲ್ಲಿ ಭಾವನ ಪಂಪ್ ನಿಂತಿತು. ತೋಟಕ್ಕೆ ನೀರು ಬಿಡುವ ಕಾಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಎಂಟು ದಿನ ಪುರುಸೊತ್ತಿಲ್ಲ ಅಂದ. ಮಗನನ್ನು ಕೇಳೋಣ ಅಂದರೆ ಹಾಸ್ಟೆಲಿನಲ್ಲಿ ಫೋನ್ ಭಾನುವಾರ ಮಾತ್ರ, ಅದೂ ಹತ್ತು ನಿಮಿಷ. ಭಾವ ಕಾದರು. ನಾನೂ ಅವತ್ತು ಅಲ್ಲೇ ಇದ್ದೆ. ಮೊದಲ ನಾಲ್ಕು ನಿಮಿಷ ತಂಗಿ ಊಟದ ಬಗ್ಗೆ ಕೇಳಿದಳು. ಆಮೇಲೆ ಭಾವ ಫೋನ್ ಕಸಿದುಕೊಂಡರು.

"ಮಾಣಿ, ಕಂಡೆನ್ಸರ್ ಉಬ್ಬಿದ್ದು ಕಾಣ್ತು. ಡಬ್ಬಿಲಿ ಎರಡಿದ್ದು. ಕಪ್ಪಂದಾ, ಬಿಳೇದಾ?"

"ಕಪ್ಪಂದು, ಅಪ್ಪಯ್ಯ. ನಂಗೆ ನಾಳೆ ಕೆಪಾಸಿಟರ್ ಮೇಲೇ ಟೆಸ್ಟಿದ್ದು."

"ಅದು ಎಂತ?"

"ಅದೂ ಕಂಡೆನ್ಸರ್ರೇ. ಇಲ್ಲಿ ಬರೀ ಲೆಕ್ಕ ಮಾಡದು. ನೀ ಮೊದಲು ಮೇನ್ ಸ್ವಿಚ್ ತೆಗಿ. ತೆಗೆದ ಮೇಲೂ ಕೈಲಿ ಮುಟ್ಟಡ, ಒಳಗೆ ಕರೆಂಟ್ ಉಳ್ಕಂಡಿರ್ತು. ಅದಕ್ಕೆ ಎಂತ ಮಾಡವು ಅಂದ್ರೆ..."

ಹತ್ತು ನಿಮಿಷ ಮುಗಿಯಿತು.

ಭಾವ ಮೇನ್ ಸ್ವಿಚ್ ತೆಗೆದು, ಸ್ಟಾರ್ಟರ್ ಡಬ್ಬಿಯ ಬಾಗಿಲು ತೆರೆದಿಟ್ಟು, ಎರಡು ಮಾರು ದೂರದಲ್ಲಿ ಕೂತರು. ಮುಂದಿನ ಭಾನುವಾರಕ್ಕೆ ಇನ್ನೂ ಏಳು ದಿನವಿತ್ತು.