ಇನ್ನೊಂದು ಯಾಕ ಬೇಕು ಇವಂಗ?

2024ರ ಜುಲೈ 28ರ ರಾತ್ರಿ ಇಲ್ಲೇ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಗೀಚಿದ್ದೆ. "44 ವರ್ಷದವರನ್ನ ಒಲಿಂಪಿಕ್ಸಿಗೆ ಕಳಿಸಿದ್ರ ಇನ್ನೇನಾಗ್ತದ, ಹುಡುಗರಿಗೆ ಜಾಗ ಬಿಡ್ರಪಾ" ಅಂತ. ಅವತ್ತು ಪ್ಯಾರಿಸ್ ಒಲಿಂಪಿಕ್ಸಿನ ಟೆನಿಸ್ ಡಬಲ್ಸ್‌ನಲ್ಲಿ ನಮ್ಮ ಕೊಡಗಿನ, 44ರ ರೋಹನ್ ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿ ಮೊದಲ ಸುತ್ತಿನಲ್ಲೇ ಫ್ರಾನ್ಸಿನ ಜೋಡಿಗೆ 5-7, 2-6ರಿಂದ ಸೋತಿದ್ದರು. ನನ್ನ ಪೋಸ್ಟಿಗೆ ಲೈಕು ಚೆನ್ನಾಗಿಯೇ ಬಿದ್ದವು. ಒಂದು ವಾರದ ಮೇಲೆ ಅದನ್ನು ಅಳಿಸಿದೆ. ಯಾಕೆ ಅಳಿಸಿದೆ ಅನ್ನುವುದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಆಗಸ್ಟ್ 4, ಭಾನುವಾರ, ನಾಗರ ಅಮಾಸಿ. ಮುಧೋಳದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಘಟಪ್ರಭೆ ತುಂಬಿ ಬಂದಿದ್ದ ದಿನಗಳು ಅವು, ಮಾತೆಲ್ಲ ಕಬ್ಬಿನದೇ. ಯಾರ ಹೊಲದಲ್ಲಿ ನೀರು ಎಷ್ಟು ದಿನ ನಿಂತಿತು, ಯಾರದು ಕೊಳೆಯಿತು. ಮಧ್ಯಾಹ್ನ ಕಡಬು ತಿಂದು ಮಲಗೆದ್ದವನು ಸಂಜೆ ಪಡಸಾಲೆಯಲ್ಲಿ ಮೊಬೈಲನ್ನು ಒಂದು ತಂಬಿಗೆಗೆ ಆನಿಸಿಟ್ಟು ಒಲಿಂಪಿಕ್ಸಿನ ಟೆನಿಸ್ ಸಿಂಗಲ್ಸ್ ಫೈನಲ್ ಹಚ್ಚಿದೆ. ಸರ್ಬಿಯಾದ ಜೊಕೊವಿಚ್ ಮತ್ತು ಸ್ಪೇನಿನ ಅಲ್ಕರಾಜ್. ಕಾಕಾ ಬಂದು ಪಕ್ಕದಲ್ಲಿ ಕೂತ. ಕಾಕಾ ಅಂದರೆ ಹಳೇ ಪೈಲ್ವಾನ. ಎರಡೂ ಕಿವಿ ಮುರಿದು ಮುದ್ದೆಯಾಗಿವೆ. ಟೆನಿಸ್ಸಿನ ಗಂಧಗಾಳಿ ಇಲ್ಲ.

"ಇದೇನು, ಮಟ್ಟಿ ಮ್ಯಾಲ ಆಡ್ತಾರೇನು?"

ಹೌದು ಅಂದೆ. ರೋಲಂಡ್ ಗ್ಯಾರೋಸ್ ಅಂಗಳದ ಕೆಂಪು ಇಟ್ಟಿಗೆ ಪುಡಿಯದು, ಅದೂ ಮೇಲೆ ತೆಳ್ಳಗೆ ಒಂದು ಪದರ ಅಷ್ಟೇ. ಎಣ್ಣೆ, ಅರಿಷಿಣ, ಮಜ್ಜಿಗೆ ಹಾಕಿ ಹದ ಮಾಡಿದ ಗರಡಿ ಮಣ್ಣಲ್ಲ. ಆದರೂ ಮಣ್ಣು ಅಂದ ಕೂಡಲೇ ಕಾಕಾನ ಕಣ್ಣು ಅಲ್ಲೇ ನೆಟ್ಟಿತು.

"ಆ ಮೊಣಕಾಲಿಗೆ ಕಟಗೊಂಡಾನಲ್ಲ, ಅವನ ವಯಸ್ಸು ಎಷ್ಟು?"

"ಮೂವತ್ತೇಳು."

"ಆ ಹುಡುಗಂದು?"

"ಇಪ್ಪತ್ತೊಂದು."

ಕಾಕಾ ಕುರ್ಚಿ ಮುಂದಕ್ಕೆ ಎಳೆದುಕೊಂಡ.

ನನ್ನ ತಂಗಿಯ ಗಂಡ ಅಲ್ಲೇ ಇದ್ದ, ಎಲೆ ಅಡಿಕೆ ಹಾಕಿಕೊಳ್ಳುತ್ತಾ. "24 ಗ್ರ್ಯಾಂಡ್‌ಸ್ಲಾಮ್ ಗೆದ್ದಾನ. ರೊಕ್ಕಕ್ಕ ಬರ ಇಲ್ಲ. ಇನ್ನೊಂದು ಯಾಕ ಬೇಕು ಇವಂಗ? ಆಸಿ ಅಂದ್ರ ಇದಪಾ" ಅಂದ. ಗ್ರ್ಯಾಂಡ್‌ಸ್ಲಾಮ್ ಅಂದರೆ ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಿಗಳು. ಬಹಳ ಜನ ಹೀಗೇ ಅಂದುಕೊಂಡಿದ್ದರು ಅನಿಸುತ್ತದೆ. ಸುಮ್ಮನೆ ಅವನಿಗೆ ಜೊಕೊವಿಚ್‌ನ ಒಲಿಂಪಿಕ್ಸ್ ಲೆಕ್ಕ ಹೇಳಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಸೆಮಿಫೈನಲ್‌ನಲ್ಲಿ ನಡಾಲ್‌ಗೆ ಸೋತು ಕಂಚು. 2012ರಲ್ಲಿ ಲಂಡನ್‌ನಲ್ಲಿ ಮರ್ರಿಗೆ ಸೋತ, ಕಂಚಿನ ಪಂದ್ಯವನ್ನೂ ಸೋತ. 2016ರಲ್ಲಿ ರಿಯೊದಲ್ಲಿ ಮೊದಲ ಸುತ್ತಿನಲ್ಲೇ ಡೆಲ್ ಪೊಟ್ರೊ ಮನೆಗೆ ಕಳಿಸಿದ, ಅಳುತ್ತಾ ಹೊರಬಂದ. ಟೋಕಿಯೊದ್ದಂತೂ ಕೇಳಲೇಬೇಡಿ. ಜ್ವೆರೆವ್ ಎದುರು ಮೊದಲ ಸೆಟ್ 6-1, ಎರಡನೆಯದರಲ್ಲಿ 3-2 ಮುಂದಿದ್ದವನು ಅಲ್ಲಿಂದ ಕೈಚೆಲ್ಲಿದ. ಮರುದಿನ ಕಂಚಿಗೆ ಆಡುತ್ತಾ ರಾಕೆಟ್ಟನ್ನು ಖಾಲಿ ಗ್ಯಾಲರಿಗೆ ಎಸೆದ. ಪ್ಯಾರಿಸ್ಸಿಗೆ ಬಂದದ್ದು ಹೇಗೆ? ಜೂನ್ 5ರಂದು ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಜುಲೈ 14ರಂದು ವಿಂಬಲ್ಡನ್ ಫೈನಲ್‌ನಲ್ಲಿ ಇದೇ ಅಲ್ಕರಾಜ್ ನೇರ ಸೆಟ್‌ಗಳಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡಿದ್ದ. ಅದಾಗಿ ಮೂರು ವಾರಕ್ಕೆ ಈ ಸಂಜೆ.

ಒಲಿಂಪಿಕ್ ಟೆನಿಸ್‌ನಲ್ಲಿ ಬಹುಮಾನದ ರೊಕ್ಕ ಇಲ್ಲ. 2016ರಿಂದ ರ‍್ಯಾಂಕಿಂಗ್ ಪಾಯಿಂಟೂ ಇಲ್ಲ. ಗ್ರ್ಯಾಂಡ್‌ಸ್ಲಾಮ್ ವರ್ಷಕ್ಕೆ ನಾಲ್ಕು ಬರುತ್ತವೆ, ಇದು ನಾಲ್ಕು ವರ್ಷಕ್ಕೆ ಒಂದು. ಫೆಡರರ್ 20 ಗ್ರ್ಯಾಂಡ್‌ಸ್ಲಾಮ್ ಗೆದ್ದರೂ ಸಿಂಗಲ್ಸ್ ಬಂಗಾರ ಸಿಗಲಿಲ್ಲ, 2012ರ ಬೆಳ್ಳಿಗೇ ಮುಗಿಯಿತು. ಲೆಕ್ಕದಲ್ಲಿ ಲಾಭವೇ ಇಲ್ಲದ್ದಕ್ಕೆ ಆಸೆಬುರುಕತನ ಅನ್ನೋದು ಹೇಗೆ?

ಇದೆಲ್ಲ ನಾನು ಹೇಳುತ್ತಿದ್ದಾಗ ಕಾಕಾ ಏನೂ ಅನ್ನಲಿಲ್ಲ. ಆದರೆ ತಂಗಿಯ ಗಂಡ ಕೇಳಿದ ಪ್ರಶ್ನೆಯನ್ನು ನಾನು ಚಿಕ್ಕವನಿದ್ದಾಗಲೇ ನಮ್ಮ ಅಡುಗೆಮನೆಯಲ್ಲಿ ಕೇಳಿದ್ದೆ. ಕೇಳಿದವಳು ನನ್ನ ಅಜ್ಜಿ. ಕಾಕಾ ಜಮಖಂಡಿ, ಗೋಕಾಕ, ಸಾಂಗಲಿ, ಕೊಲ್ಹಾಪುರದ ಕಣಗಳಲ್ಲಿ ಕುಸ್ತಿ ಹಿಡಿದವನು. ಬೆಳ್ಳಿ ಗದೆಗಳು ಕಪಾಟಿನಲ್ಲಿ ಈಗಲೂ ಇವೆ. ನಮ್ಮೂರ ಜಾತ್ರೆಯ ಕೊನೇ ಕುಸ್ತಿಗೆ ಬೆಳ್ಳಿ ಕಡಗ ಇಡುತ್ತಿದ್ದರು. ಅದು ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಎರಡು ಸಲ ಚಿತ್ ಆಗಿದ್ದ. ನಲವತ್ತೊಂದನೇ ವಯಸ್ಸಿಗೆ ಮತ್ತೆ ತಾಲೀಮು ಶುರು ಮಾಡಿದಾಗ ಅಜ್ಜಿ ಬಾಯಿ ಮಾಡಿದಳು. "ಕಪಾಟ ತುಂಬ ಗದಾ ಅದಾವ. ಆ ಹಿಡಿಯಷ್ಟು ಬೆಳ್ಳಿಗೆ ಯಾಕ ಸಾಯಾಕತ್ತಿ?"

ಕಾಕಾ ಬಾದಾಮಿ ಅರೆಯುತ್ತಿದ್ದವನು ತಲೆ ಎತ್ತದೆ ಅಂದಿದ್ದ: "ಅವು ಬ್ಯಾರೆ ಊರವು ಯವ್ವಾ."

ನನ್ನ ಅಳಿಸಿದ ಪೋಸ್ಟಿಗೂ ಈ ಮಾತಿಗೂ ಸಂಬಂಧವಿದೆ. ಬೋಪಣ್ಣನ ಕಪಾಟು ನೋಡಿ. 2017ರಲ್ಲಿ ಇದೇ ಪ್ಯಾರಿಸ್ ಮಣ್ಣಲ್ಲಿ ಕೆನಡಾದ ದಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್. ಆಗ ವಯಸ್ಸು 43, ಜಗತ್ತಿನ ಒಂದನೇ ನಂಬರ್. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು, ಅಯ್ಯಂಗಾರ್ ಯೋಗ ಮಾಡಿ ಕಾಲು ಉಳಿಸಿಕೊಂಡಿದ್ದರು. ಆದರೆ ಒಲಿಂಪಿಕ್ಸ್‌ನಲ್ಲಿ ಜೋಡಿಯನ್ನು ಬಾವುಟ ನೋಡಿ ಕಟ್ಟಬೇಕು. ವರ್ಷವಿಡೀ ಜೊತೆಗಿದ್ದ ಎಬ್ಡೆನ್ ಬರುವಂತಿಲ್ಲ. ಆ ಎಬ್ಡೆನ್ ಏನಾದ ಗೊತ್ತೇ? ಸಿಂಗಲ್ಸ್ ಮೊದಲ ಸುತ್ತಿನಲ್ಲಿ ಜೊಕೊವಿಚ್ ಕೈಲಿ 0-6, 1-6 ತಿಂದ. ಅದೇ ವಾರ ತನ್ನ ದೇಶದ ಜಾನ್ ಪಿಯರ್ಸ್ ಜೊತೆ ಡಬಲ್ಸ್ ಬಂಗಾರ ಗೆದ್ದ! ಫೈನಲ್‌ನಲ್ಲಿ ಸೋತ ಅಮೆರಿಕದ ಜೋಡಿಯಲ್ಲಿದ್ದವರು ರಾಜೀವ್ ರಾಮ್. 2016ರಲ್ಲಿ ಮಿಶ್ರ ಡಬಲ್ಸ್‌ನಲ್ಲಿ ವೀನಸ್ ವಿಲಿಯಮ್ಸ್ ಜೊತೆಗೂಡಿ ಬೋಪಣ್ಣ–ಸಾನಿಯಾ ಜೋಡಿಯನ್ನು ರಿಯೊ ಸೆಮಿಫೈನಲ್‌ನಲ್ಲಿ ಸೋಲಿಸಿದವರು. ಆಮೇಲೆ ಬೋಪಣ್ಣನ ಜೋಡಿಗೆ ಕಂಚೂ ತಪ್ಪಿ ನಾಲ್ಕನೇ ಸ್ಥಾನವಾಗಿತ್ತು. ಎಂಟು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಬಂದವರಿಗೆ ನಾನು ಮಂಚದ ಮೇಲೆ ಬಿದ್ದುಕೊಂಡು ಬುದ್ಧಿ ಹೇಳಿದ್ದೆ.

ಹುಡುಗರಿಗೆ ಜಾಗ ಬಿಡಬೇಕು ಅನ್ನುವ ವಾದ ತಪ್ಪೇನಲ್ಲ, ಆದರೆ ಬಿಡಿಸಿಕೊಳ್ಳುವ ಹುಡುಗ ಮೊದಲು ಬರಬೇಕು. ಬೋಪಣ್ಣನ ಜಾಗವನ್ನು ಪ್ಯಾರಿಸ್ಸಿನಲ್ಲಿ ಯಾರೂ ಕೇಳಿರಲಿಲ್ಲ, ನಾನೇ ಕೇಳಿದ್ದು.

ಫೈನಲ್‌ಗೆ ಬರುತ್ತೇನೆ. ಎರಡು ಸೆಟ್, ಎರಡೂ 7-6. ಒಬ್ಬರೂ ಇನ್ನೊಬ್ಬರ ಸರ್ವ್ ಮುರಿಯಲಿಲ್ಲ, ಅಂದರೆ ಸರ್ವ್ ಮಾಡುವ ಸರದಿ ಯಾರದೋ ಆ ಗೇಮ್ ಅವರದೇ ಆಯಿತು. ಎರಡು ತಾಸು ಐವತ್ತು ನಿಮಿಷ. ಕಾಕಾನಿಗೆ ಅಂಕದ ಲೆಕ್ಕ ತಿಳಿಯದು, ಆದರೆ "ಇಬ್ರೂ ಹಿಡಿ ಬಿಡವಲ್ರು" ಅಂದ. ಸ್ವಲ್ಪ ಹೊತ್ತಿಗೆ, "ಮುದುಕ ಕಾಲು ಕಾಯಾಕತ್ತಿಲ್ಲ, ನೋಡು. ಗೆಲ್ತಾನ" ಅಂದ. ಪೆಟ್ಟಾದ ಕಾಲನ್ನು ಕಾಯುತ್ತಾ ಆಡುವವನು ಒಳಗೇ ಅರ್ಧ ಸೋತಿರುತ್ತಾನೆ ಅನ್ನುವುದು ಗರಡಿಯವರ ಮಾತು. ಎರಡನೇ ಟೈ ಬ್ರೇಕ್ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) 7-2ಕ್ಕೆ ಮುಗಿದು ಬಂಗಾರ ತನ್ನದಾದಾಗ ಜೊಕೊವಿಚ್ ಆ ಕೆಂಪು ಮಣ್ಣಿನ ಮೇಲೇ ಮಂಡಿಯೂರಿ ಅತ್ತ. ಕೈ ನಡುಗುತ್ತಿದ್ದವು. ತಂಗಿಯ ಗಂಡ ಎಲೆ ಅಡಿಕೆ ಉಗುಳಲು ಎದ್ದು ಹೋಗಿದ್ದವನು ಬಾಗಿಲಲ್ಲೇ ನಿಂತ. ಕಾಕಾ ತನ್ನ ಬಲ ಮೊಣಕಾಲು ತಿಕ್ಕುತ್ತಾ ಕೂತಿದ್ದ.

ಕಾಕಾನ ಕೊನೇ ಕುಸ್ತಿ ನಾನು ನೋಡಿದ್ದೇನೆ, ಅಪ್ಪನ ಹೆಗಲ ಮೇಲೆ ಕೂತು. ಎದುರಾಳಿ ಇಪ್ಪತ್ತೆರಡರ ಹುಡುಗ. ಹಲಗೆಯವರ ಕೈ ಸೋತರೂ ಕುಸ್ತಿ ಮುಗಿಯಲಿಲ್ಲ. ಕತ್ತಲಾಯಿತು ಅಂತ ಪಂಚರು ಬರಾಬರಿ ಅಂದುಬಿಟ್ಟರು, ಕಡಗ ದೇವರಿಗೆ ಅಂದರು. ಇನ್ನು ಐದು ನಿಮಿಷ ಬಿಡಬೇಕಿತ್ತು ಅಂತ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಕಾಕಾ ನಿಲ್ಲುವುದಿಲ್ಲ.

ಬೋಪಣ್ಣ 2025ರ ನವೆಂಬರ್ 1ರಂದು ಆಟಕ್ಕೇ ವಿದಾಯ ಹೇಳಿದರು. ಜೊಕೊವಿಚ್ 2028ಕ್ಕೆ ಲಾಸ್ ಏಂಜಲೀಸ್‌ನಲ್ಲೂ ಆಡುವ ಆಸೆ ಇದೆ ಅಂದಿದ್ದಾನೆ, ಆಗ 41. ಕಾಕಾನಿಗೆ ಹೇಳಿದೆ. "ಆಡ್ಲಿ ಬಿಡು" ಅಂದ.

ಆ ಕಡಗ ನಮ್ಮೂರ ದೇವರ ಪಲ್ಲಕ್ಕಿಗೆ ಕಟ್ಟಿದೆ. ಜಾತ್ರೆಯ ದಿನ ಪಲ್ಲಕ್ಕಿ ಮನೆಮುಂದೆ ಬಂದಾಗ ಕಾಕಾ ಕಾಯಿ ಒಡೆಸಿ, ಭಂಡಾರ ಹಚ್ಚಿಕೊಂಡು, ಕೈ ಮುಗಿಯುವುದಕ್ಕಿಂತ ಮೊದಲು ಅದನ್ನೊಮ್ಮೆ ಎರಡು ಬೆರಳಲ್ಲಿ ಹಿಡಿದು ನೋಡುತ್ತಾನೆ. ಪಲ್ಲಕ್ಕಿ ಹೊತ್ತ ಹುಡುಗರು ಅಷ್ಟು ಹೊತ್ತು ನಿಲ್ಲುತ್ತಾರೆ.