ಡಿಶ್ ಆಂಟೆನಾದ ಕೆಳಗೆ

'ದೃಶ್ಯಂ' ಸಿನಿಮಾವನ್ನು ನಾನು ಮೂರು ಭಾಷೆಗಳಲ್ಲಿ ನೋಡಿದ್ದೇನೆ. ಹೆಣವನ್ನು ಎಲ್ಲಿ ಹೂತಿದ್ದಾರೆ ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಇದು ಹೊರಗೆ ಬಿದ್ದರೆ ನನ್ನ ಮಾನ ಹೋಗುತ್ತದೆ. ಕಲಬುರಗಿಯ ನೆಹರೂ ಗಂಜಿನಲ್ಲಿ, ನಾನು ಲೆಕ್ಕ ಬರೆಯುವ ಅಡತಿ ಅಂಗಡಿಯ ಆಸುಪಾಸಿನಲ್ಲಿ, ಸಿನಿಮಾದ ವಿಷಯ ಬಂದರೆ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ. ಕಾಟಾದ ಮೇಲೆ ಇಡದೆಯೇ ಜನ ತೂಕ ಒಪ್ಪಿಕೊಳ್ಳುವ ಸರಕು ಇಡೀ ಗಂಜಿನಲ್ಲಿ ಒಂದೇ ಒಂದು, ಅದು ನನ್ನ ಅಭಿಪ್ರಾಯ.

ಮೊದಲ ಸಲ ನೋಡಿದ್ದು 2014ರ ಜೂನ್‌ನಲ್ಲಿ. ಪಿ. ವಾಸು ನಿರ್ದೇಶನದ, ರವಿಚಂದ್ರನ್ ನಟಿಸಿದ ಕನ್ನಡದ 'ದೃಶ್ಯ' ಆಗಷ್ಟೇ ಬಂದಿತ್ತು. ಮೋಹನ್‌ಲಾಲ್ ಅವರ ಮಲಯಾಳಂ 'ದೃಶ್ಯಂ'ನ ರಿಮೇಕ್ ಅದು, ಮಗಳ ಕೈಯಲ್ಲಿ ಆದ ಕೊಲೆಯನ್ನು ಪೊಲೀಸರಿಂದ ಮುಚ್ಚಿಡುವ ಅಪ್ಪನ ಕಥೆ. ಮಳೆ ಇನ್ನೂ ಬಂದಿರಲಿಲ್ಲ. ಮನೆಯ ಗೋಡೆ ಮುಟ್ಟಿದರೆ ರೊಟ್ಟಿಯ ಹಂಚು ಮುಟ್ಟಿದ ಹಾಗಾಗುತ್ತಿತ್ತು. "ಮೂರು ತಾಸು ತಣ್ಣಗೆ ಕೂತು ಬರೋಣ ನಡೆಯಿರಿ" ಎಂದಳು ಹೆಂಡತಿ. ನಮ್ಮ ಊರಿನಲ್ಲಿ ಬೇಸಿಗೆಯ ಸಿನಿಮಾಗಳನ್ನು ಜನ ಕಥೆ ಕೇಳಿ ಆರಿಸುವುದಿಲ್ಲ, ಎಸಿ ಕೇಳಿ ಆರಿಸುತ್ತಾರೆ. ಆರು ತಿಂಗಳ ಮಗನನ್ನೂ ಎತ್ತಿಕೊಂಡು ಹೋದೆವು. ಮಧ್ಯಂತರದವರೆಗೆ ಕೂಸು ಹೂವಿನಂತೆ ಮಲಗಿತ್ತು. ಆಮೇಲೆ ತೆರೆಯ ಮೇಲೆ ಪೊಲೀಸರ ವಿಚಾರಣೆ ಜೋರಾಯಿತು, ಇವನೂ ಜೋರಾದ. ಹಿಂದಿನ ಸಾಲಿನಿಂದ ಒಬ್ಬರು, "ಅಣ್ಣಾ, ಕೂಸಿಗೆ ಸ್ವಲ್ಪ ಹೊರಗಿನ ಗಾಳಿ ತೋರಿಸಿ" ಎಂದರು. ಹೆಂಡತಿ ತೆರೆಯಿಂದ ಕಣ್ಣು ಕೀಳದೆಯೇ ಕೂಸನ್ನು ನನ್ನ ತೊಡೆಗೆ ದಾಟಿಸಿದಳು.

ಉಳಿದ ಸಿನಿಮಾವನ್ನು ನಾನು ಬಾಗಿಲಿನ ಆಚೆ ನಿಂತು ಕೇಳಿಸಿಕೊಂಡೆ. ಎದುರಿಗೆ ಒಬ್ಬ ಹುಡುಗ ಪಾಪ್‌ಕಾರ್ನ್ ಪೊಟ್ಟಣ ತುಂಬುತ್ತಿದ್ದ. ಹದಿನೇಳನೆಯ ಪೊಟ್ಟಣಕ್ಕೆ ಒಳಗಿನಿಂದ "ಹೋ" ಎಂದು ಕೂಗು, ಚಪ್ಪಾಳೆ ಕೇಳಿಸಿದವು. ಸರಿಯಾಗಿ ಆಗಲೇ ಮಗ ಕುಡಿದ ಹಾಲನ್ನೆಲ್ಲ ನನ್ನ ಅಂಗಿಯ ಮೇಲೆ ಕಕ್ಕಿದ. ಆ ಚಪ್ಪಾಳೆ ಹೆಣದ್ದಾಗಿತ್ತಂತೆ.

ಆಟೋದಲ್ಲಿ ಬರುವಾಗ ಹೆಂಡತಿ, "ಎಂಥಾ ಜಾಗ ಹುಡುಕಿದ್ದಾನೆ ನೋಡಿ!" ಎಂದಳು.

"ಹೌದು, ಎಂಥಾ ಜಾಗ!" ಎಂದೆ.

ಆ ಒಂದು 'ಹೌದು' ಎಂಬ ಅಸಲಿಗೆ ಹನ್ನೊಂದು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದೇನೆ.

ಎರಡನೆಯ ಸಲ ನೋಡಿದ್ದು ತೆಲುಗಿನಲ್ಲಿ, ಹೈದರಾಬಾದಿಗೆ ಹೊರಟಿದ್ದ ರಾತ್ರಿ ಬಸ್ಸಿನಲ್ಲಿ. ಹುಮನಾಬಾದ್ ದಾಟುವಾಗ ವೆಂಕಟೇಶ್ ಮನೆಯವರಿಗೆ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ಜಹೀರಾಬಾದ್ ದಾಟಿದ ಮೇಲೆ ಪೊಲೀಸರು ಅಗೆಯಲು ಗುದ್ದಲಿ ಎತ್ತಿದರು. ಗುದ್ದಲಿ ನೆಲ ಮುಟ್ಟುವ ಮೊದಲೇ ಕ್ಲೀನರ್ ಎದ್ದು ಬಂದು ಟಿವಿ ಆರಿಸಿ, "ಎಲ್ಲರೂ ಮಲಗಿಕೊಳ್ಳಿ" ಎಂದ. ಮೂರನೆಯದು ಅಜಯ್ ದೇವಗನ್ ಅವರ ಹಿಂದಿ, ಸೇಡಂನ ಮಾವನ ಮನೆಯ ಟಿವಿಯಲ್ಲಿ. ಅಕ್ಟೋಬರ್ 2, ಪಣಜಿಯ ಸತ್ಸಂಗ, ಪಾವ್ ಭಾಜಿ ಎಂದು ನಾಯಕ ಪೊಲೀಸರಿಗೆ ಕಟ್ಟಿದ ಕಥೆಯೆಲ್ಲ ಸುಸೂತ್ರವಾಗಿ ಮುಗಿದು ಇನ್ನೇನು ಹತ್ತು ನಿಮಿಷ ಉಳಿದಿದ್ದಾಗ ಮಾವ ರಿಮೋಟ್ ಎತ್ತಿಕೊಂಡು, ಮಳೆಯ ಸುದ್ದಿ ನೋಡಬೇಕೆಂದು ಚಾನೆಲ್ ಬದಲಿಸಿದರು. ಮಳೆ ಬರುವುದಿಲ್ಲವೆಂದು ಗೊತ್ತಾಯಿತು. ಅಳಿಯನಾದವನು ಮಾವನ ಕೈಯಿಂದ ರಿಮೋಟ್ ಕಸಿಯುವಂತಿಲ್ಲ, ಅದೂ ಆಗಲೇ ನೋಡಿರುವ ಸಿನಿಮಾಕ್ಕೆ.

ಹಾಗೆಂದು ಅಭಿಪ್ರಾಯ ಹೇಳುವುದನ್ನು ನಿಲ್ಲಿಸಲಾಗುತ್ತದೆಯೇ? ಗಂಜಿನಲ್ಲಿ ಸಂಜೆ ನಾಲ್ಕಕ್ಕೆ ಹರಾಜು, ಸೌದಾ ಎಲ್ಲ ತಣ್ಣಗಾಗಿ, ಚಾಚಾನ ಅಂಗಡಿಯಲ್ಲಿ ಚಹಾ ಮತ್ತು ಮಿರ್ಚಿ ಭಜಿ ಬಿಸಿಯಾಗುತ್ತವೆ. ಅಲ್ಲಿ ಅರ್ಧ ತಾಸು ಸಿನಿಮಾ ದರ್ಬಾರು. ಒಂದು ದಿನ ಹಮಾಲರ ಹಿರಿಯ ಒಂದು ಪ್ರಶ್ನೆ ಇಟ್ಟ: "ಕೆಜಿಎಫ್ ಎರಡನೆಯದರಲ್ಲಿ ನಾಯಕ ಬಂಗಾರದ ಸಮೇತ ಸಮುದ್ರ ಸೇರಿದ. ಕೊನೆಗೆ ಮೂರನೆಯದು ಬರುತ್ತದೆಂದು ಸುಳಿವು ಕೊಟ್ಟರು. ಅಷ್ಟು ಭಾರ ಕಟ್ಟಿಕೊಂಡವನು ಮೇಲೆ ಬರುತ್ತಾನೆಯೇ?"

"ನೀನು ದಿನಾ ಅಷ್ಟು ಚೀಲ ಹೊತ್ತು ಎದ್ದು ಬರುವುದಿಲ್ಲವೇ?" ಎಂದೆ.

"ನನಗೆ ಚೀಲಕ್ಕಿಷ್ಟು ಎಂದು ಹಮಾಲಿ ಕೊಡುತ್ತಾರೆ, ಅದಕ್ಕೆ ಎದ್ದು ಬರುತ್ತೇನೆ" ಎಂದ ಅವನು. ನನಗಿಂತ ಅವನೇ ಒಳ್ಳೆಯ ವಿಮರ್ಶಕ. ಆದರೆ ಅವನ ದನಿ ಸಣ್ಣದು.

'ಕಾಂತಾರ' ಬಂದದ್ದು 2022ರಲ್ಲಿ, ಅದರ 'ಅಧ್ಯಾಯ 1' ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಮೊದಲನೆಯ ಅಧ್ಯಾಯ ಈಗ ಬಂದರೆ ಆಗ ನೋಡಿದ್ದು ಎಷ್ಟನೆಯದು ಎಂದು ಚಾಚಾ ಕೇಳಿದ. ಮೊಮ್ಮಗನ ಮದುವೆ ಮುಗಿಸಿ ಅಜ್ಜನ ಹೆಸರಿಡುವ ಕಾರ್ಯಕ್ಕೆ ಕರೆದ ಹಾಗೆ ಇದು ಎಂದು ವಿವರಿಸಿದೆ. ಚಾಚಾನಿಗೆ ಅರ್ಥವಾಗಲಿಲ್ಲ, ಆದರೆ ಎರಡು ಭಜಿ ಹೆಚ್ಚಿಗೆ ಇಟ್ಟ.

ಇವೆಲ್ಲ ಸಣ್ಣಪುಟ್ಟ ಫಸಲು. ನನ್ನ ಹೆಸರಿಗೆ ನಿಜವಾಗಿ ಕುತ್ತು ತಂದದ್ದು ಅದಕ್ಕೂ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ. ತೊಗರಿಯ ಆವಕ ಜೋರಾಗಿದ್ದ ದಿನಗಳು. 'ದೃಶ್ಯಂ' ಮೂರನೆಯ ಭಾಗ ಬರುತ್ತದೆ ಎಂದು ಮೋಹನ್‌ಲಾಲ್ ಘೋಷಿಸಿದರು. ಚಹಾದ ಬೆಂಚಿನ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ನನ್ನ ಪ್ರಸಿದ್ಧ ತೊಗರಿ ಸಿದ್ಧಾಂತ ಮಂಡಿಸಿದೆ. ಒಂದು ಕ್ವಿಂಟಲ್ ತೊಗರಿ ಒಡೆದರೆ ಎಪ್ಪತ್ತು ಕಿಲೋ ಆಸುಪಾಸು ಬೇಳೆ ಸಿಗುತ್ತದೆ, ಅದು ಮೊದಲ ಭಾಗ. ಉಳಿದ ನುಚ್ಚು, ಹೊಟ್ಟು, ಪುಡಿ ಎಲ್ಲ ಸೇರಿಸಿ ಮಾಡಿದ್ದು ಎರಡನೆಯ ಭಾಗ.

"ಹಾಗಾದರೆ ಮೂರನೆಯದು?"

"ಖಾಲಿ ಚೀಲ ಜಾಡಿಸಿದ್ದು."

ಬೆಂಚು ನಕ್ಕಿತು. ಕೆಜಿಎಫ್‌ನ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಗಳಿಸಿತ್ತಲ್ಲ, ಅಲ್ಲಿ ಹೊಟ್ಟಿಗೇ ಬೇಳೆಗಿಂತ ಹೆಚ್ಚಿನ ದರ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಅವತ್ತು ಚಹಾದ ದುಡ್ಡು ನನ್ನದಾಗಿತ್ತು. ಕಾಟಾದ ಹತ್ತಿರ ಹೊಸದಾಗಿ ಸೇರಿದ ಹುಡುಗ ಮಾತ್ರ, "ಸರ್, ಹೆಣವನ್ನು ಅಲ್ಲಿ ಇಟ್ಟದ್ದು ನಿಮಗೆ ನಂಬುವಂತಿತ್ತೇ?" ಎಂದು ಕೇಳಿದ.

"ಅಲ್ಲಿ ಇಡದೆ ಇನ್ನೆಲ್ಲಿ ಇಡಬೇಕಿತ್ತು, ಹೇಳು ನೋಡೋಣ" ಎಂದೆ. ಇದು ನಾನು ವರ್ಷಗಟ್ಟಲೆ ತಿದ್ದಿ ತೀಡಿದ ಉತ್ತರ. ಎದುರಿನವನು ಬಾಯಿ ತಪ್ಪಿ ಜಾಗದ ಹೆಸರು ಹೇಳಲಿ ಎಂಬ ಆಸೆ ಅದರಲ್ಲಿ ಇದೆ. ಆದರೆ ನಮ್ಮ ಜನ ಎಂಥ ಸಂಭಾವಿತರು ಎಂದರೆ, ನೋಡದವರು ಯಾರಾದರೂ ಇದ್ದಾರು ಎಂದು ಹನ್ನೊಂದು ವರ್ಷದಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ. ಆ ನೋಡದವನಿಗಾಗಿಯೇ ಅವರು ಹೇಳುತ್ತಿಲ್ಲ, ಆ ನೋಡದವನು ನಾನೇ.

ನನ್ನ ಮೌನಕ್ಕೂ ಒಳ್ಳೆಯ ಹೆಸರು ಬಂತು. "ಎಷ್ಟು ಕೇಳಿದರೂ ಕ್ಲೈಮ್ಯಾಕ್ಸ್ ಬಿಟ್ಟುಕೊಡದ ಮನುಷ್ಯ" ಎಂದು ಸಾಹುಕಾರರ ಕಿವಿಗೂ ಬಿತ್ತು. ಅವರು ಸಿನಿಮಾಕ್ಕೆ ಹೋದರೂ ದರ ಕೇಳುವ ಫೋನು ಬಂದು ಮಧ್ಯಂತರಕ್ಕೇ ಎದ್ದು ಬರುವವರು. ಒಂದು ಮಧ್ಯಾಹ್ನ ಕನ್ನಡಕ ತೆಗೆದು ಗಾದಿಯ ಮೇಲಿಟ್ಟು, "ತಮ್ಮಾ, ನಾಳೆ ಬೀದರಿಗೆ ಬೀಗರ ಮನೆ ಮದುವೆಗೆ ಹೊರಟಿದ್ದೇನೆ. ಅಲ್ಲಿ ಎಲ್ಲರೂ ಆ ಸಿನಿಮಾದ್ದೇ ಮಾತು ಆಡುತ್ತಾರೆ. ನಾನು ಬಾಯಿ ಮುಚ್ಚಿ ಕೂರುವಂತಾಗಿದೆ. ಹೆಣ ಎಲ್ಲಿದೆ, ಹೇಳಿಬಿಡು" ಎಂದರು.

"ಸಾಹುಕಾರರೇ, ಹೇಳಿದರೆ ಸಿನಿಮಾದ ಮಜಾ ಹೋಗುತ್ತದೆ."

"ನನಗೆ ಮಜಾ ಬೇಡ, ಮಾಹಿತಿ ಬೇಕು."

ಸಂಬಳ ಕೊಡುವವರು. ನಾನು ಒಂದು ಕ್ಷಣ ಯೋಚಿಸಿದೆ. ನಾಯಕ ಕೇಬಲ್ ಟಿವಿ ನಡೆಸುವವನು. ಅವನ ಬಳಿ ಇರುವುದೇನು? ಬಾಯಿ ತಾನಾಗಿ ಆಡಿತು: "ಡಿಶ್ ಆಂಟೆನಾದ ಕೆಳಗೆ."

ಸಾಹುಕಾರರ ಕಣ್ಣು ಅರಳಿದವು. ನನಗೂ ಹುರುಪು ಬಂತು. "ಆಂಟೆನಾ ಇರುವುದು ಆಕಾಶ ನೋಡಲು. ಪೊಲೀಸರೂ ಅದನ್ನು ನೋಡಿದಾಗ ಮೇಲೆ ನೋಡುತ್ತಾರೆಯೇ ಹೊರತು ಕೆಳಗೆ ನೋಡುವುದಿಲ್ಲ" ಎಂದು ಸೇರಿಸಿದೆ. ನಿಜ ಹೇಳಬೇಕೆಂದರೆ ಈ ಕ್ಲೈಮ್ಯಾಕ್ಸ್ ನನಗೆ ತುಂಬಾ ಹಿಡಿಸಿತು. ಅಸಲಿ ಜಾಗ ಇದಕ್ಕಿಂತ ಚೆನ್ನಾಗಿರಲಾರದು ಎಂದು ಈಗಲೂ ನನ್ನ ಗುಮಾನಿ.

ಸಾಹುಕಾರರು ಬೀದರಿನಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ನನ್ನ ವಿವರಣೆಯ ಸಮೇತ ಅದನ್ನು ಹೇಳಿದರಂತೆ. ಆಕಾಶದ ಮಾತಿಗೆ ಕೈಯನ್ನೂ ಮೇಲೆತ್ತಿ ತೋರಿಸಿದರಂತೆ. ಪಂಕ್ತಿ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ನಗಲು ಶುರುಮಾಡಿದ್ದು ಮಜ್ಜಿಗೆ ಬರುವವರೆಗೂ ನಿಲ್ಲಲಿಲ್ಲವಂತೆ. ಬೀಗಿತಿಗೆ ನೆತ್ತಿಗೆ ಹತ್ತಿತಂತೆ.

ಮರುದಿನ ಬೆಳಿಗ್ಗೆ ಸಾಹುಕಾರರು ಗಾದಿಗೂ ಒರಗದೆ ನೆಟ್ಟಗೆ ಕೂತಿದ್ದರು. "ಏನಪ್ಪಾ, ಡಿಶ್ ಆಂಟೆನಾ?" ಎಂದರು.

ರಿಮೇಕ್ ಎಂಬ ವಸ್ತುವಿನ ಉಪಯೋಗ ನನಗೆ ತಿಳಿದದ್ದು ಆಗ. "ಕನ್ನಡದಲ್ಲಿ ಬೇರೆ ಸಾಹುಕಾರರೇ. ನಾನು ಹೇಳಿದ್ದು ತೆಲುಗಿನದ್ದು" ಎಂದೆ. ಬೀಗರ ಅಳಿಯ ಹೈದರಾಬಾದಿನವನಂತೆ, ತೆಲುಗಿನದ್ದನ್ನು ನಾಲ್ಕು ಸಲ ನೋಡಿದ್ದನಂತೆ. "ಅಂದರೆ, ತೆಲುಗಿನ ಹಾಗೆಯೇ ತಮಿಳಿನದ್ದು. ಕಮಲಹಾಸನ್ ಸ್ವಲ್ಪ ಬದಲಿಸುತ್ತಾರೆ" ಎಂದೆ. ಅವತ್ತೇ ತಮಿಳುನಾಡಿನ ಲಾರಿಯೊಂದು ಬೇಳೆ ತುಂಬಿಸಿಕೊಳ್ಳಲು ನಿಂತಿರಬೇಕೇ? ಸಾಹುಕಾರರು ಚಾಲಕನನ್ನು ಕರೆಸಿದರು. ಅವನಿಗೆ ಕನ್ನಡ ಬಾರದು, ಇವರಿಗೆ ತಮಿಳು ಬಾರದು. ಸಾಹುಕಾರರು ಎರಡೂ ಕೈಯಲ್ಲಿ ಹೆಣ, ಗುಂಡಿ, ಆಂಟೆನಾ ಎಲ್ಲವನ್ನೂ ಅಭಿನಯಿಸಿದರು. ಚಾಲಕ ಹೆದರಿ, ತಾನು ಅಂಥವನಲ್ಲ ಎಂದು ಕೈ ಮುಗಿದ. ಕ್ಲೀನರ್ ಬಂದು ಬಿಡಿಸಿ ಹೇಳಿದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿ ನಕ್ಕರು.

ಸಿಂಹಳದಲ್ಲಿ 2017ರಲ್ಲಿ, ಚೀನೀ ಭಾಷೆಯಲ್ಲಿ 2019ರಲ್ಲಿ ಈ ಸಿನಿಮಾ ರಿಮೇಕ್ ಆಗಿದೆ ಎಂಬುದು ನನ್ನ ಪುಣ್ಯ. "ಚೀನಾದವರು ಎಲ್ಲವನ್ನೂ ಬದಲಿಸಿದ್ದಾರೆ ಸಾಹುಕಾರರೇ, ಅಲ್ಲಿ ನಾಯಕ ಕೊನೆಗೆ ಪೊಲೀಸರಿಗೆ ಶರಣಾಗುತ್ತಾನೆ" ಎಂದೆ. ಶರಣಾಗುವುದು ನಿಜ, ಎಲ್ಲೋ ಓದಿದ್ದೆ. ಕಲಬುರಗಿಯಲ್ಲಿ ಕಂಡ ಸಿನಿಮಾದ ಕೊನೆ ಗೊತ್ತಿಲ್ಲದಿದ್ದರೂ ಚೀನಾದ ಕೊನೆ ಗೊತ್ತು ನನಗೆ. ನಮ್ಮ ಅಂಗಡಿಯ ಬೇಳೆ ಚೀನಾಕ್ಕೆ ಹೋಗುವುದಿಲ್ಲವಾದ್ದರಿಂದ ವಿಚಾರಿಸಲು ಲಾರಿ ಚಾಲಕ ಯಾರೂ ಸಿಗಲಿಲ್ಲ. ಸಾಹುಕಾರರು ಕನ್ನಡಕ ಹಾಕಿಕೊಂಡು, "ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿತು. ಕಲಬುರಗಿಯದೋ ಕಲಬೆರಕೆಯೋ ಎಂದು ಹೇಳಬಹುದು. ನಿನ್ನ ಮಾತಿಗೂ ಅಂಥದ್ದೊಂದು ಗುರುತು ಬೇಕಿತ್ತು" ಎಂದು ಖಾತೆ ಪುಸ್ತಕ ನನ್ನ ಕಡೆ ತಳ್ಳಿದರು. ಸಂಬಳ ಕಡಿತವಾಗಲಿಲ್ಲ. ಆದರೆ ಅಂದಿನಿಂದ ಹಮಾಲರು, ಚಾಚಾ, ಕಾಟಾದ ಹುಡುಗ ಎಲ್ಲರಿಗೂ ನಾನು 'ಡಿಶ್ ಸಾಹೇಬ'. ಬೇಸಿಗೆ ರಜೆಯಲ್ಲಿ ಬುತ್ತಿ ತಂದುಕೊಡುತ್ತಿದ್ದ ಮಗ ಅದೇನು ಎಂದು ಚಾಚಾನನ್ನು ಕೇಳುತ್ತಾ ನಿಂತಿದ್ದನ್ನು ನೋಡಿಯೂ ನೋಡದವನಂತೆ ಲೆಕ್ಕ ಬರೆದೆ.

ಒಂದು ಮಾತು ನೀವು ಆಗಲೇ ಕೇಳಬೇಕೆಂದಿದ್ದೀರಿ. ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆಯಲ್ಲ, ನೋಡಿಬಿಡಬಾರದೇ? ನೋಡಲು ಕೂತೆ. ಮೇ ತಿಂಗಳ ರಾತ್ರಿ, ಓಣಿಯವರೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಕಿ ಮಲಗಿದ್ದರು. ಹೆಂಡತಿ, ಮಗ ನಿದ್ದೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಚಾದರದ ಒಳಗೆ ಮೊಬೈಲ್ ಹಿಡಿದು, ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡೆ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಎರಡು ತಾಸು ನಿರಾತಂಕ. ಈ ಸಲ ಕೂಸು ಅಳುವುದಿಲ್ಲ, ಕ್ಲೀನರ್ ಬರುವುದಿಲ್ಲ, ಮಾವ ಸೇಡಂನಲ್ಲಿದ್ದಾರೆ. ಪೊಲೀಸರು ಗುದ್ದಲಿ ಎತ್ತಿದರು. ಗುದ್ದಲಿ ನೆಲ ಮುಟ್ಟಿತು. ನಾನು ಮೊದಲ ಸಲ ಅದು ನೆಲ ಮುಟ್ಟಿದ್ದನ್ನು ನೋಡಿದೆ.

ಆಗ ಕಿವಿಯೊಳಗಿನ ಬ್ಲೂಟೂತ್, ಚಾರ್ಜು ಮುಗಿದು, 'ಟುಯ್' ಎಂದು ಪ್ರಾಣ ಬಿಟ್ಟಿತು. ಮರುಗಳಿಗೆಯಲ್ಲಿ ಮೊಬೈಲ್ ತನ್ನ ಸ್ವಂತ ಗಂಟಲಿನಿಂದ ಇಡೀ ಓಣಿಗೆ ಸಿನಿಮಾ ಕೇಳಿಸತೊಡಗಿತು. ನಾಯಿಗಳು ಬೊಗಳಿದವು. ಪಕ್ಕದ ಮಾಳಿಗೆಯ ಕಾಕಾ ಎದ್ದು ಕೂತು, "ಇದು ಆ ಅಗೆಯುವ ಜಾಗವಲ್ಲವೇ? ನಿಲ್ಲಿಸಬೇಡಪ್ಪಾ, ಮುಂದೆ ಚೆನ್ನಾಗಿದೆ" ಎಂದರು. ನಾನು ಕತ್ತಲಲ್ಲಿ ಗುಂಡಿ ಹುಡುಕುತ್ತಾ ದನಿ ಇನ್ನಷ್ಟು ಏರಿಸಿದೆ.

ಹೆಂಡತಿ ಕಣ್ಣು ತೆರೆಯದೆಯೇ ಕೈ ಚಾಚಿ ಮೊಬೈಲ್ ಕಸಿದು, ಆರಿಸಿ, ತನ್ನ ದಿಂಬಿನ ಕೆಳಗಿಟ್ಟುಕೊಂಡಳು. "ಅದೇ ಸಿನಿಮಾ ಇನ್ನೆಷ್ಟು ಸಲ ನೋಡುತ್ತೀರಿ? ಮಲಗಿ" ಎಂದಳು.

ಮಲಗಿದೆ. ಓಣಿ ಮತ್ತೆ ಸುಮ್ಮನಾಯಿತು. ಮಾಳಿಗೆಯ ಮೂಲೆಯಲ್ಲಿ ನಮ್ಮ ಡಿಶ್ ಬೆಳದಿಂಗಳಲ್ಲಿ ಆಕಾಶ ನೋಡುತ್ತಾ ನಿಂತಿತ್ತು. ಆಗ ಮಗನ ಚಾದರ ಅಲುಗಿತು. ನಗೆ ತಡೆದುಕೊಂಡ ಸಣ್ಣ ದನಿ ಬಂತು:

"ಅಪ್ಪಾ, ಅದರ ಕೆಳಗೆ ಒಂದು ಸಲ ನೋಡಿಬಿಡು."